ಬಿಯರ್ ಊರು ಬಿಟ್ಟ ಕಥೆ

ಬೆಲ್ಜಿಯಂನ ಹೂಗಾರ್ಡನ್ ಒಂದು ಸಣ್ಣ ಊರು. ಗೋಧಿ, ಕೊತ್ತಂಬರಿ ಬೀಜ, ಒಣಗಿಸಿದ ಕಿತ್ತಳೆ ಸಿಪ್ಪೆ ಹಾಕಿ ಮಾಡುವ ಮಬ್ಬುಮಬ್ಬಾದ ಬಿಳಿ ಬಿಯರ್‌ಗೆ ಆ ಊರು ಹೆಸರಾಗಿತ್ತು. 1950ರ ದಶಕದಲ್ಲಿ ಅಲ್ಲಿ ಅದನ್ನು ಮಾಡುತ್ತಿದ್ದ ಕೊನೆಯ ಬ್ರೂವರಿಯೂ ಬಾಗಿಲು ಹಾಕಿತು. ಎಳೆಯ ವಯಸ್ಸಿನಲ್ಲಿ ಅಲ್ಲಿ ಕೈಗೆಲಸ ಮಾಡಿದ್ದ, ಆಮೇಲೆ ಹಾಲು ಮಾರಿಕೊಂಡಿದ್ದ ಪಿಯರ್ ಸೆಲಿಸ್ ಎಂಬುವರು 1966ರಲ್ಲಿ ಆ ಬಿಯರ್‌ಗೆ ಮತ್ತೆ ಜೀವ ಕೊಟ್ಟರು. ಜನ ಇಷ್ಟಪಟ್ಟರು, ವ್ಯಾಪಾರ ಕುದುರಿತು. 1985ರಲ್ಲಿ ಬ್ರೂವರಿಗೆ ಬೆಂಕಿ ಬಿತ್ತು. ಮತ್ತೆ ಕಟ್ಟಲು ದುಡ್ಡು ಕೊಟ್ಟದ್ದು ಪಕ್ಕದ ಲೂವೆನ್ ಪಟ್ಟಣದ ದೊಡ್ಡ ಬಿಯರ್ ಕಂಪನಿ. ದುಡ್ಡಿನ ಹಿಂದೆಯೇ ಮಾಲೀಕತ್ವವೂ ಅದರ ಕೈಗೆ ಹೋಯಿತು. ಸೆಲಿಸ್ ಅಮೆರಿಕಕ್ಕೆ ಹೋಗಿ, ಟೆಕ್ಸಾಸ್‌ನಲ್ಲಿ 1992ರಲ್ಲಿ ಹೊಸ ಬ್ರೂವರಿ ತೆರೆದರು. ಅದನ್ನು ಅಮೆರಿಕದ ದೊಡ್ಡ ಬಿಯರ್ ಕಂಪನಿ ಮಿಲ್ಲರ್ ಕೊಂಡಿತು, ಕೆಲವೇ ವರ್ಷಗಳಲ್ಲಿ ಮುಚ್ಚಿತು.

ಒಬ್ಬ ಮನುಷ್ಯನ ಬಾಳಿನಲ್ಲಿ ಎರಡು ಸಲ ನಡೆದ ಈ ಕಥೆ, ಜಗತ್ತಿನ ಬಿಯರ್ ಉದ್ಯಮದಲ್ಲಿ ಸಾವಿರಾರು ಸಲ ನಡೆದಿದೆ. ಹಣದ ಬಲವೇ ಇದಕ್ಕೆಲ್ಲ ಕಾರಣ ಅನ್ನುತ್ತೇವೆ. ಅದು ಅರ್ಧ ಸತ್ಯ. ಹಣ ಬರುವ ಮೊದಲು ಸೂಕ್ಷ್ಮದರ್ಶಕ ಬಂದಿತ್ತು.

ಹಳೆಯ ಕಾಲದಲ್ಲಿ ಬಿಯರ್ ಹೆಚ್ಚು ದೂರ ಹೋಗುತ್ತಿರಲಿಲ್ಲ. ದಾರಿಯಲ್ಲೇ ಹುಳಿಯಾಗುತ್ತಿತ್ತು. ಹಾಗಾಗಿ ಊರಿಗೊಂದು ಬ್ರೂವರಿ, ಬ್ರೂವರಿಗೊಂದು ರುಚಿ. ಹಿಂದಿನ ಪಾತ್ರೆಯ ಗಷ್ಟನ್ನೇ ಮುಂದಿನ ಪಾತ್ರೆಗೆ ಹಾಕುತ್ತಿದ್ದರು, ನಾವು ಮೊಸರಿಗೆ ಹೆಪ್ಪು ಹಾಕುವ ಹಾಗೆ. ಆ ಗಷ್ಟಿನಲ್ಲಿ ಸಕ್ಕರೆಯನ್ನು ಮದ್ಯವಾಗಿಸುವ ಸೂಕ್ಷ್ಮಜೀವಿಯಾದ ಯೀಸ್ಟ್ ಇರುತ್ತದೆ. ಅದರಲ್ಲಿ ಒಳ್ಳೆಯ ಯೀಸ್ಟ್ ಎಷ್ಟು, ಕಾಡು ಯೀಸ್ಟ್ ಎಷ್ಟು, ಬ್ಯಾಕ್ಟೀರಿಯಾ ಎಷ್ಟು ಅನ್ನುವುದು ಯಾರಿಗೂ ಗೊತ್ತಿರಲಿಲ್ಲ. ಒಮ್ಮೊಮ್ಮೆ ಇಡೀ ತಿಂಗಳ ಸರಕು ಕೆಟ್ಟು, ಚರಂಡಿಗೆ ಸುರಿಯಬೇಕಾಗುತ್ತಿತ್ತು.

1883ರಲ್ಲಿ ಕೋಪನ್‌ಹೇಗನ್‌ನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ಎಮಿಲ್ ಕ್ರಿಶ್ಚಿಯನ್ ಹ್ಯಾನ್ಸೆನ್ ಈ ಗೊಂದಲವನ್ನು ಬಿಡಿಸಿದರು. ಅವರು ಮಾಡಿದ್ದು ಕೇಳಲು ಸರಳ, ಮಾಡಲು ಅಪಾರ ತಾಳ್ಮೆ ಬೇಕಾದ ಕೆಲಸ. ಯೀಸ್ಟ್ ಕಲಸಿದ ದ್ರವವನ್ನು ತೆಳುಮಾಡುತ್ತಾ ಹೋಗಿ, ಜೆಲಾಟಿನ್‌ನಲ್ಲಿ ಬೆರೆಸಿ, ಗಾಜಿನ ಮೇಲೆ ಹರಡಿದರು. ಸೂಕ್ಷ್ಮದರ್ಶಕದಲ್ಲಿ ನೋಡುತ್ತಾ, ನೆರೆಹೊರೆಯಿಲ್ಲದೆ ಒಂಟಿಯಾಗಿ ಕುಳಿತ ಒಂದೇ ಒಂದು ಕೋಶವನ್ನು ಗುರುತಿಸಿದರು. ಅದು ಎರಡಾಗಿ, ನಾಲ್ಕಾಗಿ, ಚುಕ್ಕೆಯಷ್ಟು ಗುಂಪಾಗುವವರೆಗೂ ಕಾದರು. ಆ ಚುಕ್ಕೆಯಲ್ಲಿದ್ದ ಯೀಸ್ಟ್‌ಗಳೆಲ್ಲ ಒಂದೇ ತಾಯಿಯ ಮಕ್ಕಳು. ಬ್ರೂವರಿಯ ಮಾಲೀಕ ಯಾಕೊಬ್ಸೆನ್ ಈ ಯೀಸ್ಟನ್ನು ಬಚ್ಚಿಟ್ಟುಕೊಳ್ಳಲಿಲ್ಲ, ಕೇಳಿದ ಬ್ರೂವರಿಗಳಿಗೆಲ್ಲ ಹಂಚಿದರು. ವಿಜ್ಞಾನದ ಇತಿಹಾಸದಲ್ಲಿ ಇಂಥ ಔದಾರ್ಯ ಅಪರೂಪ; ಇದನ್ನು ನೆನೆದಾಗಲೆಲ್ಲ ನನಗೆ ಮನಸ್ಸು ತುಂಬಿ ಬರುತ್ತದೆ. (ಈ ಯೀಸ್ಟ್ ಎರಡು ಜಾತಿಗಳ ಬೆರಕೆ. ಅದರ ಪೂರ್ವಜರಲ್ಲೊಂದು ದಕ್ಷಿಣ ಅಮೆರಿಕದ ಪ್ಯಾಟಗೋನಿಯಾದ ಕಾಡುಗಳಲ್ಲಿ ಪತ್ತೆಯಾದ ಸುದ್ದಿ ಹೊರಬಂದದ್ದು 2011ರಲ್ಲಿ.)

ಬಿಯರ್ ಕೆಡದಂತೆ ಬಿಸಿ ಮಾಡಲು ಪಾಶ್ಚರ್ ತೋರಿಸಿದ ವಿಧಾನ, ಲಿಂಡೆ ರೂಪಿಸಿದ ಶೀತಲ ಯಂತ್ರ, ರೈಲು ಎಲ್ಲವೂ ಆಸುಪಾಸಿನಲ್ಲೇ ಬಂದವು. ಬಿಯರ್‌ಗೆ ಊರಿನ ಹಂಗು ತಪ್ಪಿತು. ಒಂದೇ ರುಚಿಯನ್ನು ಎಲ್ಲಿ ಬೇಕಾದರೂ ಮಾಡಬಹುದು ಎಂದಾದ ಮೇಲೆ, ಊರಿಗಿಂತ ಲೇಬಲ್‌ಗೆ ಬೆಲೆ ಬಂತು. ಲೇಬಲ್ಲನ್ನು ಕೊಳ್ಳಬಹುದು, ಮಾರಬಹುದು. ಅಮೆರಿಕದಲ್ಲಿ 1870ರ ದಶಕದಲ್ಲಿ ನಾಲ್ಕು ಸಾವಿರದಷ್ಟು ಬ್ರೂವರಿಗಳಿದ್ದವು. ನಡುವೆ 1920ರಿಂದ 1933ರವರೆಗಿನ ಪಾನನಿಷೇಧದ ಏಟೂ ಬಿತ್ತು. 1980ರ ಹೊತ್ತಿಗೆ ಉಳಿದ ಕಂಪನಿಗಳು ನೂರಕ್ಕಿಂತ ಕಡಿಮೆ.

ದೊಡ್ಡವರು ಇನ್ನೂ ದೊಡ್ಡವರಾಗಲು ಜ್ಯಾಮಿತಿಯೂ ಜೊತೆಗೂಡಿತು. ಟ್ಯಾಂಕಿನ ಉದ್ದ, ಅಗಲ, ಎತ್ತರ ಮೂರನ್ನೂ ಇಮ್ಮಡಿ ಮಾಡಿ. ಒಳಗೆ ಹಿಡಿಯುವ ಬಿಯರ್ ಎಂಟು ಪಟ್ಟಾಗುತ್ತದೆ, ಆದರೆ ಹೊರಗೋಡೆಯ ಉಕ್ಕಿನ ಹಾಳೆ ನಾಲ್ಕೇ ಪಟ್ಟು. ತೊಳೆಯುವ ಮೈ, ತಂಪು ಸೋರುವ ಮೈ ಕೂಡ ನಾಲ್ಕೇ ಪಟ್ಟು. ಅಂದರೆ ಲೀಟರಿನ ಲೆಕ್ಕದಲ್ಲಿ ಖರ್ಚು ಇಳಿಯುತ್ತದೆ. ಆದರೆ ಯೀಸ್ಟ್ ಸುಮ್ಮನಿರುವುದಿಲ್ಲ. ಎತ್ತರದ ಟ್ಯಾಂಕಿನ ತಳದಲ್ಲಿ ಒತ್ತಡ ಹೆಚ್ಚು, ಕರಗಿದ ಇಂಗಾಲದ ಡೈಆಕ್ಸೈಡ್ ಹೆಚ್ಚು; ಆಗ ಅದು ಹಣ್ಣಿನ ಘಮ ಕೊಡುವ ಎಸ್ಟರ್‌ಗಳನ್ನು ಕಡಿಮೆ ತಯಾರಿಸುತ್ತದೆ. ಗಟ್ಟಿ ಬಿಯರ್ ಮಾಡಿ, ಕೊನೆಯಲ್ಲಿ ಆಮ್ಲಜನಕ ತೆಗೆದ ನೀರು ಬೆರೆಸಿ ಹದಕ್ಕೆ ತರುವ ಕ್ರಮವೂ ದೊಡ್ಡ ಬ್ರೂವರಿಗಳಲ್ಲಿದೆ. ಅಲ್ಲಿ ತದ್ವಿರುದ್ಧ: ಎಸ್ಟರ್ ಅಳತೆ ಮೀರುತ್ತದೆ. ಬೇರೆ ಬೇರೆ ಟ್ಯಾಂಕುಗಳಲ್ಲಿ ಒಂದೇ ರುಚಿ ಬರಿಸುವುದು ಕಡು ಕಷ್ಟದ ಜೀವರಸಾಯನಶಾಸ್ತ್ರ. ಅದನ್ನು ಸಾಧಿಸಿದವರ ಕೌಶಲವನ್ನು ನಾನು ಕಡೆಗಣಿಸಲಾರೆ.

ಇಷ್ಟೆಲ್ಲ ಇದ್ದರೂ ಬಿಯರ್‌ನಲ್ಲಿ ತೊಂಬತ್ತು ಪಾಲಿಗೂ ಹೆಚ್ಚು ನೀರೇ. ಲಾರಿಯಲ್ಲಿ ಸಾಗಿಸುವುದೆಂದರೆ ನೀರಿಗೆ ಬಾಡಿಗೆ ಕೊಟ್ಟ ಹಾಗೆ. ಆದ್ದರಿಂದ ಹೊಸ ದೇಶಕ್ಕೆ ಕಾಲಿಡುವ ಕಂಪನಿ ಸಾಮಾನ್ಯವಾಗಿ ಬಾಟಲಿ ಕಳಿಸುವುದಕ್ಕಿಂತ ಅಲ್ಲಿನ ಬ್ರೂವರಿಯನ್ನೇ ಕೊಳ್ಳುತ್ತದೆ. ಕೊಂಡದ್ದು ಟ್ಯಾಂಕುಗಳನ್ನಷ್ಟೇ ಅಲ್ಲ. ಲಾರಿ, ಗೋದಾಮು, ಅಂಗಡಿಯ ಫ್ರಿಜ್ಜಿನಲ್ಲಿ ಸಿಗುವ ಜಾಗ ಇವನ್ನೂ.

ಕೊಲೊರಾಡೊದ ಗೋಲ್ಡನ್ ಪಟ್ಟಣದ ಕೂರ್ಸ್ ಕಂಪನಿ ಇದಕ್ಕೆ ಒಳ್ಳೆಯ ನಿದರ್ಶನ. ಅದರ ಬಿಯರ್ ಬಹುಪಾಲು ಅಲ್ಲಿಂದಲೇ ಇಡೀ ಅಮೆರಿಕಕ್ಕೆ ಹೋಗುತ್ತಿತ್ತು. 2008ರಲ್ಲಿ ಮಿಲ್ಲರ್ ಮತ್ತು ಕೂರ್ಸ್ ತಮ್ಮ ಅಮೆರಿಕದ ವ್ಯಾಪಾರವನ್ನು ಒಂದುಗೂಡಿಸಿದವು. ಮಿಲ್ಲರ್‌ನ ಬ್ರೂವರಿಗಳು ಬೇರೆ ಬೇರೆ ರಾಜ್ಯಗಳಲ್ಲಿದ್ದುದರಿಂದ ಸಾಗಣೆಯ ದೂರ ತಗ್ಗಿತು, ಖರ್ಚು ಉಳಿಯಿತು. ಇದು ನಿಜವಾದ ಲಾಭವೇ. ಆದರೆ ಅರ್ಥಶಾಸ್ತ್ರಜ್ಞರು ಅಂಗಡಿಗಳ ಬೆಲೆಪಟ್ಟಿ ತೆಗೆದು ನೋಡಿದಾಗ, ಬೆಲೆ ಏರಿದ್ದು ಕಂಡಿತು. ಒಂದಾದ ಕಂಪನಿಯ ಬಿಯರ್ ಅಷ್ಟೇ ಅಲ್ಲ, ಎದುರಾಳಿ ಆನ್‌ಹೈಸರ್-ಬುಷ್‌ನ ಬಿಯರ್ ಕೂಡ ತುಟ್ಟಿಯಾಗಿತ್ತು. ಗುಟ್ಟಾಗಿ ಸಭೆ ಸೇರದಿದ್ದರೂ ಇಂಥದ್ದು ನಡೆಯಬಹುದು. ಆಟಗಾರರು ಇಬ್ಬರೇ ಉಳಿದಾಗ ಒಬ್ಬರ ನಡೆ ಇನ್ನೊಬ್ಬರಿಗೆ ಸ್ಪಷ್ಟವಾಗಿ ಕಾಣುತ್ತದೆ, ಬೆಲೆ ಇಳಿಸಿ ಗಿರಾಕಿಯನ್ನು ಸೆಳೆಯುವ ಉಮೇದು ಇಬ್ಬರಿಗೂ ತಗ್ಗುತ್ತದೆ.

ಮಾರುಕಟ್ಟೆ ಹೀಗೆ ಕೆಲವರ ಕೈಯಲ್ಲೇ ಎಷ್ಟು ಸೇರಿದೆ ಎಂದು ಅಳೆಯಲು ಹರ್ಫಿಂಡಾಲ್ ಸೂಚ್ಯಂಕ ಎಂಬ ಸುಲಭ ಲೆಕ್ಕವಿದೆ. ಪ್ರತಿ ಕಂಪನಿಯ ಶೇಕಡಾವಾರು ಪಾಲನ್ನು ವರ್ಗ ಮಾಡಿ ಕೂಡಿಸಬೇಕು. ತಲಾ 10 ಪಾಲಿನ ಹತ್ತು ಕಂಪನಿಗಳಿದ್ದರೆ 1000; ತಲಾ 50 ಪಾಲಿನ ಎರಡೇ ಇದ್ದರೆ 5000. ವಿಲೀನಕ್ಕೆ ಒಪ್ಪಿಗೆ ಕೊಡುವ ಮುನ್ನ ಅಧಿಕಾರಿಗಳು ನೋಡುವ ಅಂಕಿಗಳಲ್ಲಿ ಇದೂ ಒಂದು.

ಲೂವೆನ್‌ನ ಆ ಕಂಪನಿ, ಇಂಟರ್‌ಬ್ರೂ, ಬ್ರೆಜಿಲ್‌ನ ಆಂಬೆವ್ ಜೊತೆ ಸೇರಿ 2004ರಲ್ಲಿ ಇನ್‌ಬೆವ್ ಆಯಿತು. 2008ರಲ್ಲಿ 52 ಬಿಲಿಯನ್ ಡಾಲರ್ ಕೊಟ್ಟು ಆನ್‌ಹೈಸರ್-ಬುಷ್ ಕೊಂಡಿತು. ಪ್ರತಿ ವರ್ಷ ಪ್ರತಿ ಖರ್ಚನ್ನೂ ಸೊನ್ನೆಯಿಂದ ಲೆಕ್ಕ ಹಾಕಿ ಸಮರ್ಥಿಸಬೇಕು ಅನ್ನುವುದು ಅದರ ಆಡಳಿತದ ಮೂಲಮಂತ್ರ. ಯುರೋಪ್, ಅಮೆರಿಕಗಳಲ್ಲಿ ಬಿಯರ್ ಮಾರಾಟ ಬೆಳೆಯುತ್ತಿರಲಿಲ್ಲ, ಆಫ್ರಿಕಾದಲ್ಲಿ ಬೆಳೆಯುತ್ತಿತ್ತು. ಅಲ್ಲಿ ಬೇರುಬಿಟ್ಟಿದ್ದ, ಅಮೆರಿಕದ ಮಿಲ್ಲರ್‌ಗೂ ಒಡೆಯನಾಗಿದ್ದ ಎಸ್‌ಎಬಿ ಮಿಲ್ಲರ್ ಅನ್ನು 2016ರ ಅಕ್ಟೋಬರ್‌ನಲ್ಲಿ ನೂರು ಬಿಲಿಯನ್ ಡಾಲರ್‌ಗೂ ಹೆಚ್ಚು ಕೊಟ್ಟು ಸೇರಿಸಿಕೊಂಡಿತು. ನಿಯಂತ್ರಕರ ಒಪ್ಪಿಗೆ ಪಡೆಯಲು ಕೆಲವು ತುಂಡುಗಳನ್ನು ಮಾರಬೇಕಾಯಿತು: ಅಮೆರಿಕದ ಪಾಲು ಕೂರ್ಸ್‌ನ ಒಡೆಯ ಮೋಲ್ಸನ್ ಕೂರ್ಸ್‌ಗೆ, ಪೆರೋನಿ ಮತ್ತು ಗ್ರೋಲ್ಶ್ ಎಂಬ ಬಿಯರ್‌ಗಳು ಜಪಾನಿನ ಅಸಾಹಿ ಕಂಪನಿಗೆ. ಒಬ್ಬ ದೈತ್ಯನ ತಟ್ಟೆಯಿಂದ ಜಾರಿದ್ದು ಇನ್ನೊಬ್ಬ ದೈತ್ಯನ ತಟ್ಟೆಗೇ ಬಿತ್ತು.

ಬಲ ಹೇಗೆ ಬಳಕೆಯಾಗುತ್ತದೆ ಎಂದು ತಿಳಿಯಲು ಒಂದು ಡಬ್ಬಿ ನೋಡಿದರೆ ಸಾಕು. ಇದೇ ಕಂಪನಿಯ ಜುಪಿಲರ್ ಬಿಯರ್ ನೆದರ್ಲೆಂಡ್ಸ್‌ನಲ್ಲಿ ಅಗ್ಗವಾಗಿತ್ತು, ಬೆಲ್ಜಿಯಂನಲ್ಲಿ ದುಬಾರಿಯಾಗಿತ್ತು. ಅಗ್ಗದ್ದನ್ನು ತಂದು ಬೆಲ್ಜಿಯಂನಲ್ಲಿ ಮಾರಲು ವ್ಯಾಪಾರಿಗಳು ಮುಂದಾದರು. ಬೆಲ್ಜಿಯಂನಲ್ಲಿ ಫ್ರೆಂಚ್ ಮಾತಾಡುವವರೂ ಇದ್ದಾರೆ; ಕಂಪನಿ ಡಚ್ ಡಬ್ಬಿಯ ಮೇಲಿದ್ದ ಫ್ರೆಂಚ್ ಬರಹವನ್ನೇ ತೆಗೆಯಿತು. ಆ ಬರಹವಿಲ್ಲದ ಡಬ್ಬಿಯನ್ನು ಗಡಿ ದಾಟಿಸಿ ಮಾರುವುದು ಕಷ್ಟವಾಯಿತು. ಇದೂ ಸೇರಿ ಹಲವು ಅಡ್ಡಿಗಳಿಗಾಗಿ ಯುರೋಪಿಯನ್ ಆಯೋಗ 2019ರ ಮೇನಲ್ಲಿ 200 ಮಿಲಿಯನ್ ಯೂರೋ ದಂಡ ಹಾಕಿತು. ನಾಲ್ಕು ಸಾಲು ಅಕ್ಷರ ಅಳಿಸಿ ಇಡೀ ದೇಶದ ಬೆಲೆಯನ್ನು ಕಾಯಬಹುದು ಎಂದರೆ ನನಗೆ ದಿಗಿಲಾಗುತ್ತದೆ.

ಅಮೆರಿಕದಲ್ಲಿ ಈಗ ಮತ್ತೆ ಒಂಬತ್ತು ಸಾವಿರಕ್ಕೂ ಹೆಚ್ಚು ಬ್ರೂವರಿಗಳಿವೆ. ಬಹುತೇಕ ಎಲ್ಲವೂ ಚಿಕ್ಕವು. ಒಳ್ಳೆಯ ಯೀಸ್ಟ್ ಅವರಿಗೂ ಸುಲಭವಾಗಿ ಸಿಗುತ್ತದೆ. ಸಿಗದಿರುವುದು ಅಂಗಡಿಯ ಫ್ರಿಜ್ಜಿನಲ್ಲಿ ಜಾಗ.

ಹೂಗಾರ್ಡನ್ ಬಿಯರ್ ತಯಾರಿಕೆಯನ್ನು ಬೇರೆ ಊರಿಗೆ ಸಾಗಿಸುವುದಾಗಿ 2005ರಲ್ಲಿ ಇನ್‌ಬೆವ್ ಹೇಳಿದಾಗ ಊರಿನವರು ಪ್ರತಿಭಟಿಸಿದರು. 2007ರಲ್ಲಿ ಆ ನಿರ್ಧಾರ ಹಿಂದಕ್ಕೆ ಹೋಯಿತು. ಬಿಯರ್ ಅಲ್ಲೇ ಉಳಿಯಿತು. ಅತ್ತ ಕೋಪನ್‌ಹೇಗನ್‌ನಲ್ಲಿ, ಕಾರ್ಲ್ಸ್‌ಬರ್ಗ್‌ನ ಹಳೆಯ ನೆಲಮಾಳಿಗೆಯಲ್ಲಿ ಹ್ಯಾನ್ಸೆನ್ ಕಾಲದ ಒಂದು ಬಾಟಲಿ ಸಿಕ್ಕಿತು. ಅದರೊಳಗೆ ಇನ್ನೂ ಜೀವ ಹಿಡಿದುಕೊಂಡಿದ್ದ ಯೀಸ್ಟನ್ನು ವಿಜ್ಞಾನಿಗಳು ಬೆಳೆಸಿ, ಹಳೆಯ ಪದ್ಧತಿಯಲ್ಲೇ ಬಿಯರ್ ಮಾಡಿದರು. ಅದನ್ನು ಜನರ ಮುಂದೆ ಲೋಟಕ್ಕೆ ಬಗ್ಗಿಸಿದ್ದು 2016ರಲ್ಲಿ, ನೂರು ಬಿಲಿಯನ್ ಡಾಲರ್‌ನ ಆ ವ್ಯವಹಾರ ಮುಗಿದ ವರ್ಷವೇ.