ಹೊಲಿಗೆ ಬಾರದವರು ಮಗುವಿಗೆ ಹ್ಯಾಲೋವೀನ್ ವೇಷ ಮಾಡುವುದು ಹೇಗೆ?

ಓದುಗರ ಪ್ರಶ್ನೆ: ನಾವು ನ್ಯೂಜೆರ್ಸಿಗೆ ಬಂದು ಇನ್ನೂ ವರ್ಷವಾಗಿಲ್ಲ. ಮಗನಿಗೆ ನಾಲ್ಕು ವರ್ಷ. ಅಕ್ಟೋಬರ್ 31ಕ್ಕೆ ಪ್ರೀಸ್ಕೂಲಿನಲ್ಲೂ ನಮ್ಮ ಬೀದಿಯಲ್ಲೂ ಮಕ್ಕಳೆಲ್ಲ ವೇಷ ಹಾಕುತ್ತಾರಂತೆ. ಅಂಗಡಿಯ ವೇಷಗಳು ಒಂದು ದಿನ ಹಾಕಿ ಎಸೆಯುವ ಹಾಗಿವೆ. ಮನೆಯಲ್ಲೇ ಮಾಡೋಣ ಎಂದರೆ ಗುಂಡಿ ಹಾಕುವುದು ಬಿಟ್ಟು ಬೇರೆ ಹೊಲಿಗೆ ನನಗೆ ಬಾರದು. ಎಲ್ಲಿಂದ ಶುರು ಮಾಡಲಿ?

ಗುಂಡಿ ಹಾಕಲು ಬಂದರೆ ಸಾಕು. ನಾನು ಮಾಡಿದ ವೇಷಗಳಲ್ಲಿ ಅದಕ್ಕಿಂತ ಹೆಚ್ಚಿನ ಹೊಲಿಗೆ ಯಾವುದರಲ್ಲೂ ಇಲ್ಲ.

ವೇಷ ಎಂದ ಕೂಡಲೇ ನಮಗೆ ನೆನಪಾಗುವುದು ಶಾಲೆಯ ಛದ್ಮವೇಷ ಸ್ಪರ್ಧೆ. ವೇದಿಕೆಯ ಮೇಲೆ ಎರಡು ನಿಮಿಷ, ಬಾಯಿಪಾಠ ಮಾಡಿದ ನಾಲ್ಕು ಸಾಲು, ಕೆಳಗಿಳಿದ ತಕ್ಷಣ ಅಮ್ಮ ಕಿರೀಟ ಬಿಚ್ಚುತ್ತಾಳೆ. ಹ್ಯಾಲೋವೀನ್ ಹಾಗಲ್ಲ. ಮಗು ಒಂದು ಗಂಟೆಯಾದರೂ ಬೀದಿಯಲ್ಲಿ ನಡೆಯುತ್ತದೆ. ಚಾಕೊಲೇಟ್ ಕೇಳಲು ಮನೆಮನೆಯ ಮೆಟ್ಟಿಲು ಹತ್ತಿ ಇಳಿಯುತ್ತದೆ, ಕತ್ತಲಲ್ಲಿ, ಚಳಿಯಲ್ಲಿ, ಒಂದು ಕೈಯಲ್ಲಿ ಚೀಲ ಹಿಡಿದುಕೊಂಡು. ನಡುವೆ ಒಂದಕ್ಕೆ ಬರುತ್ತದೆ ಎನ್ನುತ್ತದೆ. ಇದನ್ನು ತಿಳಿಯದೆ ಮೊದಲ ವರ್ಷ ನಾನು ರಟ್ಟಿನ ಪೆಟ್ಟಿಗೆಯಿಂದ ರೈಲಿನ ಎಂಜಿನ್ ಮಾಡಿದ್ದೆ. ಮೂರು ರಾತ್ರಿಯ ಕೆಲಸ. ಪೆಟ್ಟಿಗೆ ಅಡ್ಡ ಬಂದು ಮಗನಿಗೆ ತನ್ನ ಕಾಲೇ ಕಾಣಲಿಲ್ಲ, ಎರಡನೆಯ ಮನೆಯ ಮೆಟ್ಟಿಲಲ್ಲಿ ಮುಗ್ಗರಿಸಿ ಬಿದ್ದ. ಮೊಣಕಾಲು ತರಚಿದ್ದು ಬೇಗ ಮಾಗಿತು. ಎಂಜಿನ್ ಅನ್ನು ಬೀದಿಯ ಕಸದ ಡಬ್ಬದ ಪಕ್ಕ ಬಿಟ್ಟು ಬರುವಾಗ ಅವನ ಮುಖ ಹೇಗಿತ್ತೆಂಬುದು ನನಗೆ ಇವತ್ತಿಗೂ ನೆನಪಿದೆ.

ಆದ್ದರಿಂದ ಏನು ವೇಷ ಎಂದು ಯೋಚಿಸುವ ಮೊದಲು ಒಂದು ಟೊಪ್ಪಿ ಇರುವ ಸ್ವೆಟ್‌ಶರ್ಟ್, ಅಂದರೆ ಹುಡಿ, ಮತ್ತು ಅದೇ ಬಣ್ಣದ ಪ್ಯಾಂಟು ತನ್ನಿ. ಒಳಗೆ ಥರ್ಮಲ್, ಅಂದರೆ ಮೈಗೆ ಅಂಟಿದಂತಿರುವ ಬೆಚ್ಚನೆಯ ಒಳ ಉಡುಪು, ಹಾಕಬೇಕಾಗುತ್ತದೆ, ಹಾಗಾಗಿ ಒಂದು ಸೈಜು ದೊಡ್ಡದೇ ಇರಲಿ. ಮೇಲೆ ಜಾಕೆಟ್ ಹಾಕಿಸಿದರೆ ವೇಷ ಮುಚ್ಚಿಹೋಗುತ್ತದೆ, ಮಗು ಅಳುತ್ತದೆ; ಬೆಚ್ಚಗಿರುವುದು ಒಳಗಿನಿಂದಲೇ ಆಗಬೇಕು. ಪ್ಯಾಂಟು ಬೇರೆ, ಅಂಗಿ ಬೇರೆ ಇದ್ದರೆ ಬಾತ್‌ರೂಮಿನ ಕಷ್ಟವೂ ಇಲ್ಲ. ಇಷ್ಟಾದ ಮೇಲೆ ಇದಕ್ಕೆ ಏನು ಅಂಟಿಸಿದರೆ ಯಾವ ಪ್ರಾಣಿ ಆಗುತ್ತದೆ ಎಂದು ಮಗುವನ್ನೇ ಕೇಳಿ.

ನಾನು ಹೇಳಿಕೊಡುವುದು ಬಾವಲಿ. ಬೇಕಾದದ್ದು ಕಪ್ಪು ಹುಡಿ, ಕಪ್ಪು ಪ್ಯಾಂಟು ಮತ್ತು ಕಡ್ಡಿ ಮುರಿದ ಒಂದು ಹಳೆಯ ಕಪ್ಪು ಕೊಡೆ. ಎಂಟು ಕಡ್ಡಿಯ ಸಾಧಾರಣ ಮಡಿಸುವ ಕೊಡೆ ಬಿಚ್ಚಿದಾಗ ಈ ತುದಿಯಿಂದ ಆ ತುದಿಗೆ ಸುಮಾರು ಒಂದು ಮೀಟರ್ ಇರುತ್ತದೆ. ನಾಲ್ಕು ವರ್ಷದ ಮಗು ಕೈ ಚಾಚಿ ನಿಂತರೆ ಬೆರಳಿಂದ ಬೆರಳಿಗೂ ಹೆಚ್ಚುಕಡಿಮೆ ಅಷ್ಟೇ ಅಳತೆ. ಕಡ್ಡಿಗಳ ತುದಿಯಲ್ಲಿ ಬಟ್ಟೆ ಕಟ್ಟಿರುವ ದಾರ ಕತ್ತರಿಸಿ, ಬಟ್ಟೆಯನ್ನು ಪೂರ್ತಿ ಬಿಡಿಸಿಕೊಳ್ಳಿ. ಲೋಹದ ಒಂದು ಚೂರೂ ಅದರಲ್ಲಿ ಉಳಿಯಬಾರದು. ಕಡ್ಡಿ ಇದ್ದರೆ ರೆಕ್ಕೆ ನೆಟ್ಟಗೆ ನಿಲ್ಲುತ್ತದೆ ಎಂದು ಆಸೆಯಾಗುತ್ತದೆ. ಪಕ್ಕದ ಮಗುವಿನ ಕಣ್ಣಿನ ಎತ್ತರಕ್ಕೆ ಆ ತುದಿ ಬರುತ್ತದೆ, ಬೇಡ. ಈಗ ಎದುರು ಬದುರಿನ ಎರಡು ಹೊಲಿಗೆ ಗೆರೆಗಳ ಮೇಲೆ ಕತ್ತರಿ ಆಡಿಸಿ ಬಟ್ಟೆಯನ್ನು ಎರಡು ಅರ್ಧಚಂದ್ರ ಮಾಡಿ. ನಮಗೆ ಒಂದೇ ಸಾಕು.

ಅರ್ಧಚಂದ್ರದ ನೇರ ಅಂಚು ಒಂದು ಮಣಿಕಟ್ಟಿನಿಂದ ಬೆನ್ನಿನ ಮೇಲೆ ಹಾದು ಇನ್ನೊಂದು ಮಣಿಕಟ್ಟಿಗೆ ಬರಬೇಕು. ಕೊಡೆಯ ಕೋಲು ತೂರುತ್ತಿದ್ದ ಜಾಗ ಸರಿಯಾಗಿ ಕುತ್ತಿಗೆಯ ಹಿಂದೆ ಕೂರುತ್ತದೆ. ಕಮಾನು ಕಮಾನಾದ ಅಂಚು ಕೆಳಗೆ ಜೋಲುತ್ತದೆ, ಬಾವಲಿಯ ರೆಕ್ಕೆಗೆ ಇರುವಂಥದೇ ಅಂಚು. ನೀವು ಏನೂ ಕತ್ತರಿಸಬೇಕಾಗಿಲ್ಲ. ಮಗುವಿಗೆ ಹುಡಿ ಹಾಕಿಸಿ, ಕೈ ಚಾಚಿಸಿ, ಸೀಮೆಸುಣ್ಣದಲ್ಲಿ ಏಳು ಗುರುತು ಹಾಕಿ: ಕುತ್ತಿಗೆಯ ಹಿಂದೆ ಒಂದು, ಭುಜ, ಮೊಣಕೈ, ಮಣಿಕಟ್ಟಿಗೆ ಎರಡೆರಡು. ಹುಡಿ ಬಿಚ್ಚಿಸಿ ಆ ಏಳು ಕಡೆ ಗುಂಡಿ ಹಾಕುವ ಹಾಗೆಯೇ ನಾಲ್ಕೈದು ಸಲ ಸೂಜಿ ಎಳೆದು ಗಂಟು ಹಾಕಿ. ಗುರುತುಗಳ ನಡುವೆ ಬಟ್ಟೆ ಸ್ವಲ್ಪ ಸಡಿಲ ಇರಲಿ, ಇಲ್ಲದಿದ್ದರೆ ಕೈ ಮುಂದೆ ತರುವಾಗ ಎಳೆಯುತ್ತದೆ. ಟೊಪ್ಪಿಗೆ ಫೆಲ್ಟ್ ಎಂಬ, ನೇಯದೆ ಒತ್ತಿ ಮಾಡಿದ ಬಟ್ಟೆಯ ಎರಡು ತ್ರಿಕೋನ ಕಿವಿ. ಫೆಲ್ಟ್ ಕತ್ತರಿಸಿದ ಕಡೆ ದಾರ ಬಿಡುವುದಿಲ್ಲ, ಅಂಚು ಮಡಿಸಿ ಹೊಲಿಯುವ ಕೆಲಸವಿಲ್ಲ. ಹೊಲಿಗೆ ಬಾರದವರಿಗೆ ಅದು ದೊಡ್ಡ ಉಪಕಾರ. ಬಟ್ಟೆಯ ಅಂಟು ಸಾಕಾಗುತ್ತದೆ, ಒಂದು ರಾತ್ರಿ ಒಣಗಲು ಬಿಡಿ.

ಕುತ್ತಿಗೆಗೆ ದಾರ ಕಟ್ಟುವ ಗೋಜಿಗೆ ಹೋಗಬೇಡಿ. ಕಟ್ಟಿದ ದಾರ ಬೇಲಿಗೋ ಜಾರುಬಂಡೆಗೋ ಸಿಕ್ಕಿಕೊಂಡು ಮಕ್ಕಳು ಉಸಿರುಕಟ್ಟಿ ಸತ್ತದ್ದರಿಂದಲೇ ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ 1996ರಲ್ಲಿ ಚಿಕ್ಕ ಮಕ್ಕಳ ಮೇಲಂಗಿಗಳ ಕುತ್ತಿಗೆಗೆ ಎಳೆದಾರ ಇರಕೂಡದೆಂದು ಸೂಚಿಸಿತು. ಮುಂದೆ ಎಂದಾದರೂ ಹೆಗಲ ಮೇಲಿನ ಸೂಪರ್‌ಹೀರೋ ವಸ್ತ್ರ ಮಾಡಿದರೆ ಭುಜಕ್ಕೆ ವೆಲ್ಕ್ರೋ ಹಾಕಿ. ಎಳೆದರೆ ತಾನೇ ಬಿಟ್ಟುಕೊಳ್ಳುತ್ತದೆ.

ಕಪ್ಪು ಬಾವಲಿಯ ದೊಡ್ಡ ತೊಂದರೆ ಅದು ಕತ್ತಲಲ್ಲಿ ಕಾಣುವುದಿಲ್ಲ ಎಂಬುದು. 2007ರಿಂದ ಇಲ್ಲಿ ಚಳಿಗಾಲಕ್ಕೆ ಗಡಿಯಾರವನ್ನು ಒಂದು ಗಂಟೆ ಹಿಂದೆ ತಿರುಗಿಸುವುದು ನವೆಂಬರಿನ ಮೊದಲ ಭಾನುವಾರ, ಹ್ಯಾಲೋವೀನ್ ಮುಗಿದ ಮೇಲೆ. ಆದ್ದರಿಂದ ಹ್ಯಾಲೋವೀನ್ ಸಂಜೆ ನಿಮ್ಮೂರಲ್ಲಿ ಆರರ ಹತ್ತಿರಕ್ಕೆ ಸೂರ್ಯ ಮುಳುಗುತ್ತಾನೆ, ಆರೂವರೆಗೆ ಪೂರ್ತಿ ಕತ್ತಲು. 1975ರಿಂದ 2016ರವರೆಗಿನ ಅಮೆರಿಕದ ರಸ್ತೆ ಸಾವುಗಳನ್ನು ಲೆಕ್ಕಹಾಕಿದ ಒಂದು ಅಧ್ಯಯನದಲ್ಲಿ, ಈ ಒಂದು ಸಂಜೆ ಪಾದಚಾರಿಗಳ ಸಾವು ಹಿಂದಿನ ಮುಂದಿನ ವಾರದ ಸಂಜೆಗಳಿಗಿಂತ ಶೇ. 43 ಹೆಚ್ಚು ಎಂದು ಕಂಡುಬಂತು. ಬೆಳಕು ಬಿದ್ದರೆ ಹೊಳೆಯುವ ಟೇಪು ಹಾರ್ಡ್‌ವೇರ್ ಅಂಗಡಿಯಲ್ಲೂ ಸೈಕಲ್ ಅಂಗಡಿಯಲ್ಲೂ ಸಿಗುತ್ತದೆ. ರೆಕ್ಕೆಯ ಕಮಾನುಗಳ ಅಂಚಿಗೆ, ಮುಂದೆ ಎದೆಗೆ, ಬೂಟಿನ ಹಿಂಭಾಗಕ್ಕೆ ಅಂಟಿಸಿ. ಕಾರಿನ ದೀಪ ಬಿದ್ದಾಗ ರೆಕ್ಕೆಯ ಗೆರೆಯಷ್ಟೇ ಹೊಳೆದು ಬಹಳ ಚೆನ್ನಾಗಿಯೂ ಕಾಣುತ್ತದೆ. ಮುರಿದರೆ ಹೊಳೆಯುವ ಕೋಲುಗಳನ್ನು ಈ ವಯಸ್ಸಿಗೆ ಕೊಡಬೇಡಿ. ಕಚ್ಚಿ ಒಡೆದರೆ ಒಳಗಿನ ದ್ರವ ಬಾಯಿ, ಕಣ್ಣು ಉರಿಸುತ್ತದೆ. ಸಣ್ಣ ಟಾರ್ಚು ಸಾಕು.

ಇನ್ನು ಬೆಂಕಿ. ಐರ್ಲೆಂಡ್, ಸ್ಕಾಟ್ಲೆಂಡಿನಿಂದ 19ನೇ ಶತಮಾನದಲ್ಲಿ ಬಂದವರು ಈ ಹಬ್ಬವನ್ನು ಇಲ್ಲಿಗೆ ತಂದರು. ಅಲ್ಲಿ ಟರ್ನಿಪ್ ಗೆಡ್ಡೆ ಕೊರೆದು ದೀಪ ಇಡುತ್ತಿದ್ದರು, ಇಲ್ಲಿ ಕುಂಬಳಕಾಯಿ ಸಿಕ್ಕಿತು. 20ನೇ ಶತಮಾನದ ಮೊದಲ ದಶಕಗಳಲ್ಲಿ ಮ್ಯಾಸಚೂಸೆಟ್ಸಿನ ಡೆನಿಸನ್ ಕಂಪನಿ ಬಣ್ಣದ ಕ್ರೇಪ್ ಕಾಗದ ಮಾರುತ್ತಾ, ಅದರಿಂದ ಮನೆಯಲ್ಲೇ ವೇಷ ಮಾಡುವ ಬಗೆಯನ್ನು ಸಣ್ಣ ಪುಸ್ತಿಕೆಗಳಲ್ಲಿ ಅಚ್ಚುಹಾಕಿ ಹೊರತರುತ್ತಿತ್ತು. ನೀವು ಕೈಹಾಕಿರುವ ಕೆಲಸ ಅಂಗಡಿಯ ವೇಷಗಳಿಗಿಂತ ಹಳೆಯದು. ಆದರೆ ಕಾಗದದ ವೇಷ ಒಂದು ಕಿಡಿಗೆ ಹತ್ತಿಕೊಳ್ಳುತ್ತದೆ, ದೀಪ ಇಟ್ಟ ಕುಂಬಳಕಾಯಿ ಕೂರುವುದು ಮೆಟ್ಟಿಲ ಮೇಲೆ, ಮಗುವಿನ ಬಟ್ಟೆಯ ಅಂಚಿನ ಎತ್ತರಕ್ಕೇ. ಈಗ ಬಹಳ ಮನೆಗಳಲ್ಲಿ ಬ್ಯಾಟರಿ ದೀಪ ಇದ್ದರೂ ಮೇಣದಬತ್ತಿ ಇಡುವವರು ಇದ್ದೇ ಇದ್ದಾರೆ. ಕುರಿಮರಿ ಮಾಡಲು ಅಂಟಿಸುವ ಹತ್ತಿಯ ಉಂಡೆ ಕಾಗದದಷ್ಟೇ ಅಪಾಯ. ನಮ್ಮ ಮನೆಗಳಲ್ಲಿ ರಾಶಿ ಇರುವ ಹಳೆಯ ತೆಳು ಸೀರೆ, ದುಪಟ್ಟಾಗಳಿಂದ ರಾಜಕುಮಾರಿಯ ಲಂಗ ಮಾಡುವ ಆಸೆ ನನಗೂ ಇದೆ, ಆದರೆ ತೆಳ್ಳಗೆ ಸಡಿಲವಾಗಿ ಹಾರಾಡುವ ಬಟ್ಟೆಯನ್ನು ಈ ಒಂದು ಸಂಜೆ ನಾನು ಹಾಕಿಸುವುದಿಲ್ಲ. ನೈಲಾನ್, ಪಾಲಿಯೆಸ್ಟರ್ ಬಟ್ಟೆ ಅಷ್ಟು ಸುಲಭವಾಗಿ ಹತ್ತಿಕೊಳ್ಳುವುದಿಲ್ಲ. ಕೊಡೆಯ ಬಟ್ಟೆ ಸಾಮಾನ್ಯವಾಗಿ ಇವೆರಡರಲ್ಲಿ ಒಂದು. ಆದರೂ ದೀಪದ ಹತ್ತಿರ ರೆಕ್ಕೆ ಮಡಚಿಕೊಳ್ಳಬೇಕೆಂದು ಮಗುವಿಗೆ ಮೊದಲೇ ಅಭ್ಯಾಸ ಮಾಡಿಸಿ. ಬಾವಲಿ ರೆಕ್ಕೆ ಮಡಚುವುದು ಅವರಿಗೆ ಆಟವೇ.

ಮುಖವಾಡ ಬೇಡ. ರಂಧ್ರ ಸ್ವಲ್ಪ ಸರಿದರೂ ಮಗುವಿಗೆ ದಾರಿ ಕಾಣುವುದಿಲ್ಲ; ಎಷ್ಟೋ ಶಾಲೆಗಳು ಒಳಗೆ ಬಿಡುವುದೂ ಇಲ್ಲ. ಮೂಗಿನ ತುದಿಗೆ ಕಪ್ಪು ಚುಕ್ಕೆ ಇಟ್ಟರೆ ಮುಗಿಯಿತು. ಅದಕ್ಕೆ ಊರಿನಿಂದ ತಂದ ಕಾಡಿಗೆ ಮಾತ್ರ ಬಳಸಬೇಡಿ. ಕಾಡಿಗೆ, ಸುರ್ಮಾಗಳಲ್ಲಿ ಸೀಸ ಸಿಕ್ಕ ಉದಾಹರಣೆಗಳು ಬಹಳ ಇವೆ, ಚಿಕ್ಕವರು ಮುಖ ಒರೆಸಿಕೊಂಡ ಕೈಯಲ್ಲೇ ಚಾಕೊಲೇಟ್ ತಿನ್ನುತ್ತಾರೆ. ಮಕ್ಕಳ ಮುಖಕ್ಕೆಂದೇ ಮಾರುವ ಬಣ್ಣವನ್ನು ಒಂದೆರಡು ದಿನ ಮೊದಲು ತೋಳಿಗೆ ಸ್ವಲ್ಪ ಹಚ್ಚಿ ನೋಡಿ.

ಕೃಷ್ಣಜನ್ಮಾಷ್ಟಮಿಗೆ ಹೊಲಿಸಿದ ಕೃಷ್ಣನ ವೇಷವನ್ನೇ ಹಾಕಬಹುದೇ ಎಂದೂ ಹಲವರು ಕೇಳುತ್ತಾರೆ. ದೇವರ ವೇಷ ಇದಕ್ಕೆ ಬೇಡ ಎನ್ನುವ ಹಿರಿಯರಿದ್ದಾರೆ. ನನ್ನ ತಕರಾರು ಅದಲ್ಲ, ಆ ಬರಿಮೈ ಮತ್ತು ಜಾರುವ ಪಂಚೆಯದು. ಹಾಕಿಸುವುದಾದರೆ ಒಳಗೆ ಥರ್ಮಲ್ ಇರಲಿ, ಪಂಚೆ ಪಾದಕ್ಕಿಂತ ಒಂದು ಗೇಣು ಮೇಲಿರಲಿ.

ಚಾಕೊಲೇಟ್ ಹಾಕಿಸಿಕೊಳ್ಳಲು ಪ್ಲಾಸ್ಟಿಕ್ ಬಕೆಟ್ ಕೊಳ್ಳಬೇಡಿ. ಮದುವೆಗಳಲ್ಲಿ ಸಿಕ್ಕ ತಾಂಬೂಲದ ಚೀಲ ನಿಮ್ಮ ಸೂಟ್‌ಕೇಸಿನಲ್ಲೂ ಒಂದೆರಡು ಇದ್ದೇ ಇರುತ್ತದೆ. ಪುಟ್ಟ ಕೈಗೆ ಅಳತೆ ಸರಿ, ತುಂಬಿದರೂ ಭಾರವಾಗದು. ಅದರ ಮೇಲೂ ಒಂದು ಗೆರೆ ಹೊಳೆಯುವ ಟೇಪು.

ಎರಡು ದಿನ ಮೊದಲು ಪೂರ್ತಿ ವೇಷ ಹಾಕಿಸಿ ಮನೆಯ ಮೆಟ್ಟಿಲು ಹತ್ತಿಸಿ ಇಳಿಸಿ, ಕೂರಿಸಿ, ಬಾತ್‌ರೂಮಿಗೆ ಕಳಿಸಿ ನೋಡಿ. ರೆಕ್ಕೆ ಮೊಣಕಾಲಿಗಿಂತ ಕೆಳಗೆ ಬಂದರೆ ಭುಜದ ಹತ್ತಿರ ಮಡಿಸಿ ಮೇಲೆತ್ತಿ. ಕಾರಿನಲ್ಲಿ ಹೋಗುವುದಿದ್ದರೆ ಹುಡಿಯನ್ನು ಕೈಯಲ್ಲೇ ಒಯ್ಯಿರಿ, ಇಳಿದ ಮೇಲೆ ಹಾಕಿಸಿ. ಮಕ್ಕಳ ಕಾರ್‌ಸೀಟಿನ ಬೆಲ್ಟು ಮತ್ತು ಮಗುವಿನ ಮೈ ನಡುವೆ ದಪ್ಪ ಬಟ್ಟೆ ಇರಕೂಡದು.

ಉಳಿದ ಅರ್ಧ ಕೊಡೆಯನ್ನು ಮಗನ ಗೆಳೆಯನ ಅಮ್ಮನಿಗೆ ಕೊಡಿ. ಹುಡಿಯ ಏಳು ಹೊಲಿಗೆಯನ್ನು ಮಾತ್ರ ತಕ್ಷಣ ಬಿಚ್ಚಬೇಡಿ. ಮರುದಿನವೇ ನವೆಂಬರ್ 1. ನಿಮ್ಮ ಊರಿನ ಕನ್ನಡ ಕೂಟ ರಾಜ್ಯೋತ್ಸವಕ್ಕೆ ಮಕ್ಕಳ ಛದ್ಮವೇಷ ಇಟ್ಟುಕೊಂಡಿದ್ದರೆ, "ನಾನು ಬಾವಲಿ, ತಲೆಕೆಳಗಾಗಿ ಮಲಗುತ್ತೇನೆ" ಎಂದು ಅವನಿಗೆ ನಾಲ್ಕು ಸಾಲು ಕನ್ನಡ ಕಲಿಸಲು ಸಮಯವಿದೆ.