ಕದನ ವಿರಾಮ ಅಂದ್ರ ಯುದ್ಧ ಮುಗೀತು ಅಂತಲ್ರೀ

ನಿನ್ನೆ ಮತ್ತ ನಮ್ಮ ಮನಿ ಗ್ರೂಪಿನ್ಯಾಗ ಒಬ್ರು ಬರದ್ರು, "ಕದನ ವಿರಾಮ ಆತು ಅಂದಿದ್ರಲ್ಲ, ಮತ್ಯಾಕ ಹೊಡದಾಡಾಕತ್ತಾರ? ಟೀವಿಯವ್ರು ಬರೇ ಸುಳ್ಳ." ಯಾವ ದೇಶದ ಸುದ್ದಿ ಅನ್ನೂದು ಬಿಡ್ರಿ, ವರ್ಷದಾಗ ನಾಕೈದು ಸಲ ಇದ ಮಾತು ಬರ್ತೈತಿ, ದೇಶದ ಹೆಸರು ಅಷ್ಟ ಬ್ಯಾರೆ. ಟೀವಿಯವ್ರು ಸುಳ್ಳ ಹೇಳ್ತಾರ, ಅದಕ್ಕ ನನ್ನ ತಕರಾರಿಲ್ಲ, ಆದ್ರ ಇದೊಂದರಾಗ ತಪ್ಪು ಅವರದಲ್ಲ, ನಾವು ಆ ಶಬ್ದ ಓದೂ ರೀತಿದು. ಎಷ್ಟ ಸಲ ಹೇಳೂದು ಅಂತ ಬ್ಯಾಸರಾಗಿ ಒಮ್ಮೆ ಪೂರಾ ಬರದ ಬಿಡೂಣು ಅಂತ ಕುಂತೇನಿ.

ನನಗ ಇದರ ಹುಚ್ಚು ಹಿಡಿದಿದ್ದು 2025ರ ಮೇ 10ಕ್ಕ, ಭಾರತ ಪಾಕಿಸ್ತಾನದ ಹೊಡದಾಟ ನಡದಿದ್ದಾಗ. ಶನಿವಾರ ಸಂಜೀಕ ಹುಬ್ಬಳ್ಳಿ ದುರ್ಗದಬೈಲಿನ್ಯಾಗ ಗಿರ್ಮಿಟ್ ತಿನ್ನಾಕ ನಿಂತಿದ್ದೆ. ಅಂಗಡಿ ಕಾಕಾ ಬುಟ್ಟ್ಯಾಗ ಚುನಮರಿ ಹಾಕಿ, ಹುಳಿ ಗೊಜ್ಜು ಸುರದು, ಪುಟಾಣಿ ಹಿಟ್ಟು ಉದುರಿಸಿ ಇನ್ನೇನು ಕಲಸಬೇಕು, ಅಷ್ಟರಾಗ ಬಾಜೂಕ ನಿಂತ ಹುಡುಗ ಮೊಬೈಲ್ ಎತ್ತಿ ಹಿಡದು "ಮುಗೀತ್ರೀ ಯುದ್ಧ, ಪೂರ್ಣ ವಿರಾಮಂತ!" ಅಂದ. ಕಾಕಾನ ಕೈ ಹಿಟ್ಟಿನಾಗ ಹಂಗ ನಿಂತ್ವು. ಒಬ್ರು "ಚಲೋ ಆತ್ ಬಿಡು" ಅಂದ್ರು, ಇನ್ನೊಬ್ರಿಗೆ ಸಿಟ್ಟ ಬಂತು, "ಇಷ್ಟ ದೂರ ಹೋಗಿ ಬಿಟ್ಟ ಬಂದ್ವಾ" ಅಂದ್ರು. ನಾನು ಗಿರ್ಮಿಟ್ ತಿಂದು, ಮ್ಯಾಲೊಂದು ಮಿರ್ಚಿ ತಿಂದು, ಮನಿಗೆ ಬಂದು ನೋಡಿದ್ರ ರಾತ್ರಿ ಶ್ರೀನಗರದಾಗ ಮತ್ತ ಸದ್ದು, ಮತ್ತ ಡ್ರೋನ್, ಗ್ರೂಪಿನ್ಯಾಗ ಮತ್ತ "ಮೋಸ ಮೋಸ".

ಆ ಹುಡುಗನ ಬಾಯಾಗ "ಪೂರ್ಣ ವಿರಾಮ" ಎಲ್ಲಿಂದ ಬಂತು ಗೊತ್ತೇನ್ರಿ? ಅವತ್ತ ಟ್ರಂಪ್ ಸಾಹೇಬ್ರು ಹಾಕಿದ ಪೋಸ್ಟಿನ್ಯಾಗ "ಫುಲ್ ಆ್ಯಂಡ್ ಇಮಿಡಿಯೇಟ್ ಸೀಸ್‌ಫೈರ್" ಅಂತಿತ್ತು. ಅದನ್ನ ಕನ್ನಡಕ್ಕ ತಂದ್ರ "ಪೂರ್ಣ ಕದನ ವಿರಾಮ", ನಡುವಿನ ಕದನ ಒಂದು ನುಂಗಿದ್ರ ಪೂರ್ಣವಿರಾಮ, ಅಂದ್ರ ಸಾಲಿ ಪುಸ್ತಕದ ಚುಕ್ಕಿ, ವಾಕ್ಯ ಖತಂ. ಆದ್ರ ಅಲ್ಲಿ ಫುಲ್ ಅಂದಿದ್ದು ಎಲ್ಲಾ ಕಡೆ ಅನ್ನೂ ಅರ್ಥಕ್ಕ, ಕಾಯಮ್ ಅನ್ನೂ ಅರ್ಥಕ್ಕಲ್ಲ. ನಮ್ಮ ವಿದೇಶಾಂಗ ಕಾರ್ಯದರ್ಶಿ ವಿಕ್ರಮ್ ಮಿಸ್ರಿಯವರು ಅವತ್ತ ಓದಿದ್ದು ಇನ್ನೂ ಬಿಗಿ ಇತ್ತು: ಮಧ್ಯಾಹ್ನ 3:35ಕ್ಕ ಪಾಕಿಸ್ತಾನದ ಡಿಜಿಎಂಒ, ಅಂದ್ರ ಸೇನಾ ಕಾರ್ಯಾಚರಣೆ ನೋಡೂ ಮುಖ್ಯ ಅಧಿಕಾರಿ, ನಮ್ಮ ಡಿಜಿಎಂಒಗೆ ಫೋನ್ ಮಾಡಿದ್ರು, ಸಂಜೀ 5 ಗಂಟೆಯಿಂದ ನೆಲ, ಆಕಾಶ, ಸಮುದ್ರ ಮೂರೂ ಕಡೆ ಗುಂಡು ಹಾರಿಸೂದು, ಸೇನಾ ಕಾರ್ಯಾಚರಣೆ ನಿಲ್ಲಸ್ತೀವಿ ಅಂತ ಮಾತಾತು, 12ನೇ ತಾರೀಖಿಗೆ ಮತ್ತ ಮಾತಾಡ್ತಾರ. ಮತ್ತ ಮಾತಾಡ್ತಾರ! ಚುಕ್ಕಿ ಇಟ್ಟ ಮ್ಯಾಲೆ ಯಾರರೆ ಮತ್ತ ಮಾತಾಡ್ತಾರೇನು. ಅಲ್ಪವಿರಾಮ ಅಂತ ಅವರ ಬಾಯಿಂದನ ಬಂದಂಗಾತು, ಕೇಳಿಸ್ಕೊಂಡವ್ರು ಯಾರು.

ಈಗ ಶಬ್ದಕ್ಕ ಬರೂಣು. ಕದನ ಅನ್ನೂದು ಸಂಸ್ಕೃತದಾಗ ಕೊಲ್ಲೂದು, ನಾಶ ಮಾಡೂದು. ಕನ್ನಡಕ್ಕ ಬಂದು ಕಾಳಗ ಆತು, ಈಗ ಅದನ್ನ ಕ್ರಿಕೆಟ್ಟಿಗೆ ಹಚ್ಯಾರ. "ಇಂದು ಕದನ" ಅಂತ ದಪ್ಪ ಅಕ್ಷರ ಕಂಡ್ರ ಮೊದಲ ಬಾರ್ಡರಿನ ಸುದ್ದಿಯೋ ಟಾಸಿನ ಸುದ್ದಿಯೋ ಅಂತ ನೋಡಬೇಕಾಗೇತಿ. ಅದಿರ್ಲಿ, ಮಜಾ ಇರೂದು ವಿರಾಮದಾಗ.

ವಿರಾಮದ ಧಾತು ರಮ್. ನಿಲ್ಲೂದು, ನೆಮ್ಮದಿಯಿಂದ ಇರೂದು, ಸುಖಪಡೂದು ಎಲ್ಲಾ ಅದರಾಗ ಬರ್ತಾವ. ರಮ್ಯ, ರಮಣ, ರಾಮ ಎಲ್ಲಾ ಅದ ಮನೀವು. ಮುಂದ ವಿ ಹಚ್ಚಿದ್ರ ವಿರಮಿಸು, ಅಂದ್ರ ಸಾಕು ಮಾಡು, ತಡಿ. ಸನ್ಮಾನ ಪತ್ರದಾಗ "ಅವಿರತ ಶ್ರಮ" ಅಂತ ತಪ್ಪದ ಬರೀತಾರಲ್ಲ, ಅದೂ ಇದರ ತಮ್ಮ, ನಿಲ್ಲದ ಮಾಡಿದ ಕೆಲಸ. ಮುಂದ ಆ ಹಚ್ಚಿದ್ರ ಆರಾಮ. ಸಂಸ್ಕೃತದಾಗ ಆರಾಮ ಅಂದ್ರ ಸುಖ, ತ್ವಾಟ, ಬೌದ್ಧ ಭಿಕ್ಷುಗಳು ಇರೂ ಸಂಘಾರಾಮದ ಆರಾಮ ಅದ. ನಾವು ಧಾರವಾಡದ ಮಂದಿ ದಿನಕ್ಕ ಇಪ್ಪತ್ತು ಸಲ "ಆರಾಮ ಅದೀರೇನ್ರಿ?" ಅಂತೀವಲ್ಲ, ಆ ಆರಾಮ ಫಾರ್ಸಿ ಕಡಿಂದ ಬಂದಿದ್ದು, ಆದ್ರ ಫಾರ್ಸಿದೂ ಸಂಸ್ಕೃತದ್ದೂ ಬೇರು ಒಂದ, ಭಾಳ ಹಿಂದ ಕೂಡೇ ಇದ್ದ ಭಾಷಾ ಅವು. ಅಂದ್ರ ವಿರಾಮ, ಆರಾಮ ಅಣ್ಣತಮ್ಮರು. ಮನ್ಯಾಗ ಆರಾಮ ಇಲ್ಲ ಅಂದ್ರ ಡಾಕ್ಟರ್ ವಿರಾಮ ತಗೋರಿ ಅಂತಾರ, ಲೆಕ್ಕ ಸರಿ ಐತಿ.

(ವಿರಕ್ತ ಅನ್ನೂದೂ ಇದ ಗುಂಪಿಂದು ಅಂತ ಯಾರೋ ಒಮ್ಮೆ ಭಾಷಣದಾಗ ಹೇಳಿದ್ರು, ಸಂಸಾರಕ್ಕ ವಿರಾಮ ಹೇಳಿದವರು ವಿರಕ್ತರು ಅಂತ. ಚಪ್ಪಾಳೇನೂ ಬಿತ್ತು. ತಪ್ಪು ಅದು. ವಿರಕ್ತದ ಧಾತು ರಂಜ್, ಬಣ್ಣ ಹತ್ತೂದು. ರಕ್ತ, ರಾಗ, ರಂಗ ಎಲ್ಲಾ ಅದರವು. ಬಣ್ಣ ಬಿಟ್ಟವ ವಿರಕ್ತ. ಇಷ್ಟ ವಿರಕ್ತಮಠ ಇರೂ ಗದಗ ಧಾರವಾಡ ಸೀಮ್ಯಾಗರೆ ಇದು ಗೊತ್ತಿರಬೇಕಿತ್ತು.)

ಇನ್ನ ಮುಖ್ಯ ಮಾತು. ವಿರಾಮ ಅಂದ್ರ ನಿಂತೈತಿ ಅಂತ ಅಷ್ಟ. ಮುಂದ ಏನು ಅನ್ನೂದನ್ನ ಆ ಶಬ್ದ ಹೇಳೂದಿಲ್ಲ. ಪಾಣಿನಿಯ ಸಂಸ್ಕೃತ ವ್ಯಾಕರಣ ಅಷ್ಟಾಧ್ಯಾಯಿಯೊಳಗ "ವಿರಾಮೋಽವಸಾನಮ್" ಅಂತ ಸೂತ್ರ ಐತಿ, ಸದ್ದು ನಿಲ್ಲೂದಕ್ಕ ಅವಸಾನ ಅನ್ರಿ ಅಂತ. ಅಲ್ಲಿ ಅದು ಕೊನಿ. ನಮ್ಮ ಸಾಲ್ಯಾಗ ಕಲ್ತ ಲೇಖನ ಚಿಹ್ನೆದಾಗ ಹಂಗಲ್ಲ, ಅಲ್ಪವಿರಾಮ, ಅರ್ಧವಿರಾಮ, ಪೂರ್ಣವಿರಾಮ ಅಂತ ಮುಂದ ಒಂದು ಶಬ್ದ ಜೋಡಿಸಿ ಎಷ್ಟ ಹೊತ್ತು ನಿಲ್ಲಬೇಕು ಹೇಳ್ಯಾರ, ಯಾಕಂದ್ರ ಬರೇ ವಿರಾಮ ಅಂದ್ರ ತಿಳಿಯೂದಿಲ್ಲ ಅಂತ ಅವ್ರಿಗೂ ಗೊತ್ತಿತ್ತು. ಕದನ ವಿರಾಮಕ್ಕ ಆ ಮುಂದಿನ ಶಬ್ದ ಇಲ್ಲ. ಅಲ್ಪಾನೋ ಪೂರ್ಣಾನೋ ಅನ್ನೂದು ಅದರಾಗ ಬರದಿಲ್ಲ, ನಾವ ನಮ್ಮ ಆಸೆ ನೋಡಿ ತುಂಬಿಕೊಂತೀವಿ, ಶಾಂತಿ ಬೇಕಾದವ ಪೂರ್ಣ ಅಂತಾನ, ಹೊಡತ ಬೇಕಾದವನೂ ಪೂರ್ಣ ಅಂತಾನ, ಒಬ್ಬ ಖುಷಿಲೆ ಒಬ್ಬ ಸಿಟ್ಟಿಲೆ.

ಇದಕ್ಕಿಂತ ಮಜಾ ನಿಮ್ಮ ಮೊಬೈಲ್ ಕೀಬೋರ್ಡಿನ್ಯಾಗ ಐತಿ. ನಾವು ಹಲಂತ ಅಂತೀವಲ್ಲ, ಕ್ ತ್ ಮ್ಯಾಲಿನ ಗುರ್ತು, ಯೂನಿಕೋಡಿನವರು ಅದಕ್ಕ ಇಟ್ಟ ಹೆಸರು "ಕನ್ನಡ ಸೈನ್ ವಿರಾಮ", ನಂಬರ್ 0ಸಿಸಿಡಿ. ಅಕ್ಷರದೊಳಗಿನ ಅಕಾರ ನಿಲ್ಲಸ್ತೈತಿ ಅಂತ ವಿರಾಮ. ಆದ್ರ ಅದನ್ನ ಒತ್ತಿ ಮುಂದಿನ ವ್ಯಂಜನ ಒತ್ರಿ, ನಿಲ್ಲೂದು ಬಿಟ್ಟು ಎರಡೂ ಅಂಟಿಕೊಂಡು ಒತ್ತಕ್ಷರ ಆಗ್ತೈತಿ. ಸೀಸ್‌ಫೈರ್ ಅಂತ ಬರಿಯಾಕ ಹೋದ್ರ ಸೀಸ್ಫೈರ್ ಆಗಿ ಕುಂದರ್ತೈತಿ, ಸ ಕಾರದ ಬುಡಕ ಫ ಜೋತು ಬಿದ್ದಿರ್ತೈತಿ. ಬಿಡಸಬೇಕಂದ್ರ ನಡುವ ಕಣ್ಣಿಗೆ ಕಾಣದ ಇನ್ನೊಂದು ಗುರ್ತು ಹಾಕಬೇಕು, 200ಸಿ ಅಂತ ಅದರ ನಂಬರ್. ವಿರಾಮ ಒಂದ ಸಾಲೂದಿಲ್ಲ, ನಡುವ ಇನ್ನೊಂದು ಬೇಕು.

ಯುದ್ಧದಾಗ ಆ ಇನ್ನೊಂದಕ್ಕ ಶಾಂತಿ ಒಪ್ಪಂದ ಅಂತಾರ. ಪಾಕಿಸ್ತಾನದ ಜೋಡಿ 1965ರ ಯುದ್ಧದಾಗ ಗುಂಡು ನಿಂತಿದ್ದು ಸೆಪ್ಟೆಂಬರ್ 23ಕ್ಕ, ತಾಷ್ಕೆಂಟಿನ್ಯಾಗ ಶಾಸ್ತ್ರಿಯವರು ಸಹಿ ಹಾಕಿದ್ದು 1966ರ ಜನವರಿ 10ಕ್ಕ, ಆ ನಡುವಿನ ಮೂರೂವರಿ ತಿಂಗಳು ಏನಿತ್ತು? ವಿರಾಮ ಇತ್ತು, ಸೈನ್ಯ ಎರಡೂ ಕಡೆ ಇನ್ನೊಬ್ಬರ ನೆಲದಾಗ ಕುಂತಿತ್ತು. 1971 ಇನ್ನೂ ಚಲೋ ಉದಾಹರಣೆ, ಯಾಕಂದ್ರ ಒಂದ ಯುದ್ಧ ಎರಡು ನಮೂನಿ ನಿಂತಿತು: ಢಾಕಾದಾಗ ಡಿಸೆಂಬರ್ 16ಕ್ಕ ಆಗಿದ್ದು ಶರಣಾಗತಿ, ಸುಮಾರು 93,000 ಮಂದಿ ಸೆರಿ, ಪಶ್ಚಿಮದ ಗಡಿಯಾಗ ಮರುದಿನ ಆಗಿದ್ದು ಕದನ ವಿರಾಮ, ಒಪ್ಪಂದ ಆಗಿದ್ದು 1972ರ ಜುಲೈದಾಗ, ಶಿಮ್ಲಾದಾಗ. ಶರಣಾಗತಿ, ವಿರಾಮ, ಒಪ್ಪಂದ ಮೂರೂ ಒಂದ ಅಂತ ಮಾತಾಡವ್ರು ಈ ಮೂರು ತಾರೀಖು ಬರದು ಗ್ವಾಡಿಗೆ ಹಚ್ಕೋರಿ.

ಕೊರಿಯಾದಾಗ 1953ರ ಜುಲೈ 27ಕ್ಕ ಗುಂಡು ನಿಂತಿದ್ದು, ಶಾಂತಿ ಒಪ್ಪಂದ ಇವತ್ತಿಗೂ ಆಗಿಲ್ಲ, ನಡುವ 4 ಕಿಲೋಮೀಟರ್ ಅಗಲದ ಪಟ್ಟಿ ಹಂಗ ಐತಿ. ಪೇಪರಿನ ಲೆಕ್ಕದಾಗ ಅದಿನ್ನೂ ಮುಗಿದಿಲ್ಲ. ನಮ್ಮ ಕಾಶ್ಮೀರದ್ದೂ ಹಂಗ: 1949ರ ಜನವರಿ 1ಕ್ಕ ನಿಂತ ಯುದ್ಧದ ಗೆರಿಗೆ ಮೊದಲ ಹೆಸರು ಕದನ ವಿರಾಮ ರೇಖೆ ಅಂತನ ಇತ್ತು, ಶಿಮ್ಲಾದ ಮ್ಯಾಲೆ ಅಲ್ಲಲ್ಲಿ ಸರದು ನಿಯಂತ್ರಣ ರೇಖೆ ಆತು.

ಇನ್ನೊಂದು ಏನಂದ್ರ ಕದನ ವಿರಾಮದಾಗ ನಿಲ್ಲೂದು ಗುಂಡು ಅಷ್ಟ, ಜಗಳ ಅಲ್ಲ. 2025ರ ಮೇ 10ರ ಮ್ಯಾಲೂ ಸಿಂಧೂ ನದಿ ಒಪ್ಪಂದ ಅಮಾನತ್ತಿನಾಗ ಇಟ್ಟಿದ್ದು ಹಂಗ ಉಳೀತು. 1918ರ ನವೆಂಬರ್ 11ಕ್ಕ ಮೊದಲ ಮಹಾಯುದ್ಧದ ತೋಪು ನಿಂತ್ವು, ಜರ್ಮನಿಗೆ ಹೋಗೂ ಹಡಗ ತಡಿಯೂದು ಮಾತ್ರ ಮರುವರ್ಷದ ತನಕ ನಡೀತು. "ಕದನ ವಿರಾಮ ಉಲ್ಲಂಘನೆ" ಅಂತ ದಿನಾ ಓದ್ತೀವಿ, 2020ನೇ ಒಂದ ವರ್ಷದಾಗ ಪಾಕಿಸ್ತಾನದ ಕಡಿಂದ 5,000ಕ್ಕೂ ಮಿಕ್ಕಿ ಆದ್ವು ಅಂತ ಸರ್ಕಾರನ ಸಂಸತ್ತಿನಾಗ ಹೇಳೇತಿ, ಮುಗಿದ ಯುದ್ಧದಾಗ ಉಲ್ಲಂಘನೆ ಹೆಂಗ ಆಗ್ತೈತ್ರೀ, ಒಮ್ಮೆ ಯೋಚನಿ ಮಾಡ್ರಿ.

ಸಿಯಾಚಿನ್‌ದಾಗ 2003ರ ನವೆಂಬರ್‌ದಿಂದ ಕದನ ವಿರಾಮ ಐತಿ. ಆದ್ರೂ ಮಂದಿ ಇಳಿದು ಬಂದಿಲ್ಲ, ಇಳದ್ರ ಎದುರಿನವ ಏರ್ತಾನ ಅಂತ. 2016ರ ಫೆಬ್ರುವರಿ 3ಕ್ಕ 19,000 ಅಡಿಗಿಂತ ಮ್ಯಾಲಿನ ಠಾಣ್ಯಾದ ಮ್ಯಾಲೆ ಹಿಮ ಕುಸದು ಹತ್ತು ಮಂದಿ ಸಿಕ್ಕೊಂಡ್ರು, ಆರು ದಿನದ ಮ್ಯಾಲೆ ಜೀವಂತ ಸಿಕ್ಕವ್ರು ಒಬ್ರ, ನಮ್ಮ ಕುಂದಗೋಳ ತಾಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ. ಫೆಬ್ರುವರಿ 11ಕ್ಕ ದಿಲ್ಲಿ ದವಾಖಾನ್ಯಾಗ ತೀರಿಕೊಂಡ್ರು. ಇಡೀ ಜಿಲ್ಲಾ ಆ ವಾರ ಟೀವಿ ಮುಂದ ಕುಂತಿತ್ತು. ಅವತ್ತೂ ಅಲ್ಲಿ ಕದನ ವಿರಾಮನ ಇತ್ತು.

ಯುದ್ಧ ಬಿಟ್ಟು ಬ್ಯಾರೆ ಕಡೆ ಈ ಶಬ್ದ ಬಳಸೂದ್ರಾಗ ರಾಜಕೀಯದ ಮಂದಿ ಮುಂದ. ಒಂದ ಪಕ್ಷದ ಎರಡು ಬಣದವ್ರು ಕೂಡಿ ಇಡ್ಲಿ ತಿಂದ್ರ "ಕದನ ವಿರಾಮ" ಅಂತ ಹೆಡ್‌ಲೈನ್. ಇದು ಅಗದೀ ಸರಿ ಬಳಕಿ, ನನಗ ಇದರ ಮ್ಯಾಲೆ ಸಿಟ್ಟಿಲ್ಲ. ಮತ್ತ ಶುರು ಆಗ್ತೈತಿ ಅಂತ ಓದವ್ನಿಗೂ ಗೊತ್ತಿರ್ತೈತಿ, ಇಡ್ಲಿ ತಿಂದವ್ನಿಗೂ ಗೊತ್ತಿರ್ತೈತಿ. ಅತ್ತಿ ಸೊಸಿ ಕದನ ವಿರಾಮಾನೂ ಹಂಗ. ಮನ್ಯಾಗ ಸರಿ ತಿಳಿಯೂ ಶಬ್ದ ಬಾರ್ಡರಿಗೆ ಹೋದಕೂಡ್ಲೆ ಯಾಕ ತಪ್ಪತೈತೋ ಗೊತ್ತಾಗೂದಿಲ್ಲ.

ಟೆಕ್ನಾಲಜಿ ಸುದ್ದಿಯಾಗೂ ಇದ ಗೋಳು. 2023ರ ಮಾರ್ಚದಾಗ ಫ್ಯೂಚರ್ ಆಫ್ ಲೈಫ್ ಅನ್ನೂ ಸಂಸ್ಥಾದವ್ರು ಬಹಿರಂಗ ಪತ್ರ ಬರದು, ಜಿಪಿಟಿ-4ಕ್ಕಿಂತ ದೊಡ್ಡ ಎಐ ತಯಾರ ಮಾಡೂದಕ್ಕ ಕನಿಷ್ಠ ಆರು ತಿಂಗಳು ವಿರಾಮ ಕೊಡ್ರಿ ಅಂದಿದ್ರು. ಆರು ತಿಂಗಳು, ಅದೂ ವಿನಂತಿ. ನಮ್ಮ ಗ್ರೂಪಿಗೆ ಬರೂದ್ರಾಗ "ಎಐ ಬಂದ್ ಮಾಡಿದ್ರಂತ" ಆಗಿತ್ತು. ಯಾರೂ ಆರು ದಿನಾನೂ ನಿಲ್ಲಸಲಿಲ್ಲ ಅನ್ನೂದು ಬ್ಯಾರೆ ಮಾತು. ಸರಿಯಾದ ವಿರಾಮ ನೋಡಬೇಕಂದ್ರ ಸಾಂಗ್ಲಿ ಜಿಲ್ಲಾದ ಮೋಹಿತ್ಯಾಂಚೆ ವಡಗಾಂವ್ ನೋಡ್ರಿ, ಸಂಜೀ 7ಕ್ಕ ಭೋಂಗಾ (ಸೈರನ್) ಆಗ್ತೈತಿ, ಟೀವಿ ಮೊಬೈಲ್ ಬಂದ್, ಒಂದೂವರಿ ತಾಸಿನ ಮ್ಯಾಲೆ ಮತ್ತ ಚಾಲೂ. ಶುರು ಆಗೂದಕ್ಕೂ ಟೈಮ್ ಐತಿ, ಮುಗಿಯೂದಕ್ಕೂ ಟೈಮ್ ಐತಿ.

ನಮ್ಮ ದೋಸ್ತ ಒಬ್ಬಾಂವ ಯುದ್ಧದ ಸುದ್ದಿ ನೋಡಿ ನೋಡಿ ತಲಿ ಕೆಟ್ಟು "ಸೋಶಿಯಲ್ ಮೀಡಿಯಾಕ್ಕ ಪೂರ್ಣವಿರಾಮ, ಎಲ್ಲಾರಿಗೂ ನಮಸ್ಕಾರ" ಅಂತ ಸ್ಟೇಟಸ್ ಹಾಕಿ ಹ್ವಾದ. ಪೂರ್ಣ ಅಂತ ಬರೀಬ್ಯಾಡ, ಬರೇ ವಿರಾಮ ಅನ್ನು, ಆಮ್ಯಾಲೆ ಮುಖ ಉಳೀತೈತಿ ಅಂತ ಫೋನ್ ಹಚ್ಚಿ ಹೇಳಿದ್ದೆ, ಕೇಳಲಿಲ್ಲ. ಮೂರನೇ ದಿನ ಮುಂಜಾನೆ ಆರೂವರಿಗೆ ಗ್ರೂಪಿನ್ಯಾಗ ಅವನ ಮೆಸೇಜ್ ಬಂತು: "ಎಲ್ಲಾರೂ ಆರಾಮ?"