ಸ್ಪೂಲ್ ಪಿನ್ ಹಾಕಿದ ಮೇಲೆ ಲಾಕ್ ಅರ್ಧಕ್ಕೇ ನಿಲ್ಲುತ್ತದೆ, ಯಾಕೆ?

ತುಮಕೂರಿನ ಶಿರಾ ಗೇಟ್ ಕಡೆಯ ಓದುಗರೊಬ್ಬರು ಕೇಳಿದ್ದಾರೆ: 'ಕೀಲಿಯಿಲ್ಲದೆ ಬೀಗ ತೆರೆಯುವ ಲಾಕ್ ಪಿಕಿಂಗ್ ಹವ್ಯಾಸ ಶುರು ಮಾಡಿ ನಾಲ್ಕು ತಿಂಗಳಾಯಿತು ಸಾರ್. ಸಾದಾ ಪಿನ್ನಿನ ಸಿಲಿಂಡರ್ ಸಲೀಸಾಗಿ ತೆಗೆಯುತ್ತೇನೆ. ಅದಕ್ಕೇ ಐದೂ ತೂತಿಗೆ ಸ್ಪೂಲ್ ಪಿನ್ ಹಾಕಿದೆ. ಹದಿನೈದು ದಿನದಿಂದ ಒಂದು ಸಲವೂ ತೆರೆದಿಲ್ಲ. ಸ್ವಲ್ಪ ತಿರುಗಿ ಅಲ್ಲೇ ನಿಲ್ಲುತ್ತದೆ. ಎಲ್ಲಿ ತಪ್ಪುತ್ತಿದ್ದೇನೆ?'

ನಿಮ್ಮ ಕೈಯಲ್ಲಿ ತಪ್ಪಿಲ್ಲ. ಸ್ಪೂಲ್ ಜಾಸ್ತಿ ಆಯಿತು, ಅಷ್ಟೇ. ನಾಲ್ಕನ್ನು ತೆಗೆದಿಡಿ. ಒಂದೇ ಒಂದು ಇರಲಿ.

ಪಿನ್ ಲಾಕ್‌ನ ಪ್ರತಿ ತೂತಿನಲ್ಲೂ ಎರಡು ಪಿನ್ ಇರುತ್ತವೆ. ಕೀಲಿಯ ಹಲ್ಲಿಗೆ ತಾಗುವುದು ಕೀ ಪಿನ್. ಅದರ ಮೇಲೆ ಡ್ರೈವರ್ ಪಿನ್, ಅದರ ಬೆನ್ನಿಗೆ ಸ್ಪ್ರಿಂಗ್. ಎರಡೂ ಸೇರುವ ಗೆರೆ ಪ್ಲಗ್ಗಿನ (ಕೀಲಿಯ ಜೊತೆ ತಿರುಗುವ ಒಳ ಉರುಳೆ) ಅಂಚಿಗೆ, ಅಂದರೆ ಶಿಯರ್ ಲೈನಿಗೆ, ಸರಿಯಾಗಿ ಬಂದರೆ ಪ್ಲಗ್ ತಿರುಗುತ್ತದೆ. ಅಮೆರಿಕದ ಲೈನಸ್ ಯೇಲ್ ಜೂನಿಯರ್ 1860ರ ದಶಕದಲ್ಲಿ ಪೇಟೆಂಟ್ ಪಡೆದ ಏರ್ಪಾಡೇ ಇಂದಿಗೂ ನಮ್ಮ ಬಾಗಿಲುಗಳಲ್ಲಿದೆ.

ಸ್ಪೂಲ್ ಪಿನ್ ಅಂದರೆ ನಡು ಸಣ್ಣಗಿರುವ ಡ್ರೈವರ್ ಪಿನ್. ಹೊಲಿಗೆ ಮೆಷಿನ್ನಿನ ದಾರದ ರೀಲು ನೆನಪಿಸಿಕೊಳ್ಳಿ, ಅದೇ ಆಕಾರ. ಟೆನ್ಷನ್ ಕೊಟ್ಟು, ಅಂದರೆ ಪ್ಲಗ್ಗನ್ನು ತಿರುಗುವ ಕಡೆಗೆ ಬೆರಳಲ್ಲಿ ಹಗುರಾಗಿ ಒತ್ತಿ ಹಿಡಿದು, ಪಿನ್ ಎತ್ತಿದಾಗ ಈ ಸಣ್ಣ ನಡು ಶಿಯರ್ ಲೈನಿಗೆ ಬರುತ್ತದೆ. ಜಾಗ ಸಿಕ್ಕಿದ್ದರಿಂದ ಪ್ಲಗ್ ಕೆಲವು ಡಿಗ್ರಿ ವಾಲುತ್ತದೆ. ತೆರೆಯಿತು ಅನಿಸುತ್ತದೆ ಅಲ್ವಾ? ಆದರೆ ಪಿನ್ನಿನ ಕೆಳತುಟಿ ಅಂಚಿಗೆ ಸಿಕ್ಕಿಕೊಂಡಿರುತ್ತದೆ. ಇದೇ ಫಾಲ್ಸ್ ಸೆಟ್. ನಿಮ್ಮ ಲಾಕ್ ನಿಲ್ಲುವುದೂ ಇಲ್ಲೇ.

ಈಗ ಆ ಪಿನ್ನನ್ನು ಸಣ್ಣ ಲೋಹದ ಕಡ್ಡಿಯಾದ ಪಿಕ್‌ನಿಂದ ಮೆಲ್ಲಗೆ ಎತ್ತಿ. ಟೆನ್ಷನ್ ಹಿಡಿದ ಬೆರಳನ್ನು ಪ್ಲಗ್ ಹಿಂದಕ್ಕೆ ತಳ್ಳುತ್ತದೆ. ಹಿಡಿದದ್ದು ಕೈ ತಪ್ಪಿತು ಅಂತ ಎಲ್ಲರೂ ಬೆರಳು ಬಿಗಿ ಮಾಡುತ್ತಾರೆ. ಕೆಲಸ ಕೆಡುವುದು ಅಲ್ಲಿಯೇ. ಗಾಳಿಪಟಕ್ಕೆ ದಾರ ಬಿಡುವ ಹಾಗೆ ಚೂರೇ ಸಡಿಲ ಬಿಡಿ. ತುಟಿ ಅಂಚು ದಾಟಿ 'ಟಿಕ್' ಅಂತ ಕೂರುತ್ತದೆ. ನನಗೆ ಲಾಕ್ ತೆರೆದದ್ದಕ್ಕಿಂತ ಆ ಹಿಂದಕ್ಕೆ ತಳ್ಳಿದ ಅನುಭವವೇ ದೊಡ್ಡ ಖುಷಿ ಕೊಟ್ಟಿತ್ತು. ಇಡೀ ವಿದ್ಯೆ ಇರುವುದೇ ಆ ಬೆರಳಿನಲ್ಲಿ.

ಐದೂ ಸ್ಪೂಲ್ ಆದರೆ ಏನಾಗುತ್ತದೆ? ಒಂದಕ್ಕೆ ಅಂತ ಸಡಿಲ ಬಿಟ್ಟರೆ ಆಗಲೇ ಕೂತಿದ್ದ ಇನ್ನೆರಡು ಬಿದ್ದುಹೋಗುತ್ತವೆ. ಯಾವುದು ಬಿತ್ತು, ಯಾವುದು ಕೂತಿತು, ಒಂದೂ ತಿಳಿಯುವುದಿಲ್ಲ. ಒಂದೇ ಇದ್ದರೆ ಹಿಂದಕ್ಕೆ ತಳ್ಳಿದ್ದು ಅದೇ, ಅನುಮಾನವಿಲ್ಲ.

ಪಿನ್ ಬದಲಾಯಿಸುವಾಗ ಸ್ಟೀಲ್ ತಟ್ಟೆಯಲ್ಲಿ ಬಿಳಿ ಟವೆಲ್ ಹಾಸಿಕೊಳ್ಳಿ. ಸ್ಪ್ರಿಂಗ್ ಹಾರಿದರೆ ಅಲ್ಲೇ ಸಿಗುತ್ತದೆ. ಪ್ಲಗ್ಗನ್ನು ಸುಮ್ನೆ ಎಳೆಯಬೇಡಿ. ಅಷ್ಟೇ ದಪ್ಪದ ಮರದ ಕಡ್ಡಿಯನ್ನು ಅದರ ಹಿಂದೆ ತಳ್ಳುತ್ತಾ ಹೊರಗೆ ತನ್ನಿ. ಆಗ ಮೇಲಿನ ಪಿನ್ನುಗಳು ಜಾಗದಲ್ಲೇ ನಿಲ್ಲುತ್ತವೆ. ಮನೆ ಬಾಗಿಲಿನ ಸಿಲಿಂಡರ್ ಮಾತ್ರ ಮುಟ್ಟಬೇಡಿ, ಬೇರೆಯವರದ್ದಂತೂ ಬೇಡವೇ ಬೇಡ. ಅಭ್ಯಾಸದಲ್ಲಿ ಪಿನ್ ಸವೆಯುತ್ತದೆ, ಸ್ಪ್ರಿಂಗ್ ಸೊಟ್ಟಗಾಗುತ್ತದೆ, ಆಮೇಲೆ ಸ್ವಂತ ಕೀಲಿಯೇ ತಿರುಗದೆ ಹೊರಗೆ ನಿಲ್ಲಬೇಕಾದೀತು. ಹೊಸದು ಕೊಳ್ಳುವುದಾದರೆ ಅಂಗಡಿಯಲ್ಲಿ ಮಾರ್ಟಿಸ್ ಸಿಲಿಂಡರ್ ಕೇಳಿ, ಕೀಲಿಗೆ ಗರಗಸದಂಥ ಹಲ್ಲು ಇರಲಿ. 'ಸೆವೆನ್ ಲಿವರ್' ಅಂತ ಬರೆದ ಬೀಗದೊಳಗೆ ಪಿನ್ನೇ ಇರುವುದಿಲ್ಲ, ಲಿವರ್ ತಗಡುಗಳಿರುತ್ತವೆ.

ಸ್ಪೂಲನ್ನು ಮೊದಲು ಮಧ್ಯದ ತೂತಿಗೆ ಹಾಕಿ. ಅಲ್ಲಿ ಪಳಗಿದ ಮೇಲೆ ಮುಂದಕ್ಕೆ, ಆಮೇಲೆ ಹಿಂದಕ್ಕೆ. ಯಾವ ತೂತಿನಲ್ಲಿದೆ ಅಂತ ನೋಡದೆ ಬೆರಳಲ್ಲೇ ಹೇಳುವಂತಾದಾಗ ಎರಡನೆಯದು ಸೇರಿಸಿ. ಮೈತುಂಬ ಗೀರಿರುವ ಸೆರೇಟೆಡ್ ಪಿನ್ ಇನ್ನೂ ಬೇಡ. ಅದು ಒಂದೊಂದು ಗೀರಿಗೂ 'ಟಿಕ್' ಅನ್ನುತ್ತದೆ. ಸ್ಪೂಲಿನ 'ಟಿಕ್' ಕೈಗೆ ಪರಿಚಯ ಆಗುವ ಮುಂಚೆ ಅದನ್ನು ಹಾಕಿದರೆ ಮತ್ತೆ ಹದಿನೈದು ದಿನ ಇದೇ ಪಾಡು.